ಕಪ್ಪು ಕೊಡೆಯ ಕೀರ್ತನೆ

ಹಾಡುವುದಕ್ಕೆ ಬೇಕಾದದ್ದು ಶಿಸ್ತು ಎಂದು ನಾನು ಆಗ ನಂಬಿದ್ದೆ. ಕಂಠ, ಕಿವಿ, ಸ್ವರಜ್ಞಾನ ಇವೆಲ್ಲ ಇದ್ದರೆ ಒಳ್ಳೆಯದೇ, ಇಲ್ಲದಿದ್ದರೂ ನಷ್ಟವೇನಿಲ್ಲ. ಸಾಲಾಗಿ ನಿಲ್ಲಬೇಕು, ಒಟ್ಟಿಗೆ ಬಾಯಿ ತೆರೆಯಬೇಕು, ಒಟ್ಟಿಗೆ ಮುಚ್ಚಬೇಕು. ಇಷ್ಟಾದರೆ ಸಂಗೀತ ತಾನಾಗಿ ಬರುತ್ತದೆ. ನಾನು ಚಿಕ್ಕಬಳ್ಳಾಪುರದ ಮಿಡ್ಲ್ ಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರು. ಇಡೀ ಶಾಲೆಯ ಹುಡುಗರನ್ನು ಒಂದು ಸೀಟಿಯಲ್ಲಿ ಎಡಕ್ಕೆ ತಿರುಗಿಸುತ್ತಿದ್ದವನಿಗೆ, ಹತ್ತು ಹನ್ನೆರಡು ಜನ ದೊಡ್ಡವರಿಂದ ಒಂದು ಕೀರ್ತನೆ ಹಾಡಿಸುವುದು ಎಷ್ಟರ ಮಾತು!

ಈಗ ಅದನ್ನೆಲ್ಲ ನೆನೆಸಿಕೊಂಡರೆ ಕುಳಿತಲ್ಲೇ ಸುಸ್ತಾಗುತ್ತದೆ.

ನಮ್ಮ ಕ್ರೈಸ್ತ ದೇವಾಲಯ ಊರಾಚೆ ಮಿಷನ್ ಆಸ್ಪತ್ರೆಯ ಹಿಂದೆ ಇತ್ತು. ಹೆಂಚಿನ ಮಾಡು, ಸಣ್ಣ ಗಂಟೆ, ಕೂರಲು ಚಾಪೆ. ಅಲ್ಲಿನ ಗಾಯನ ಮಂಡಳಿಗೆ ನಾನೇ ಮುಖ್ಯಸ್ಥ. ನಾನು ಮುಖ್ಯಸ್ಥನಾದದ್ದು ನನ್ನ ಗಂಟಲಿನಿಂದ. ಹಾಡುವ ಗಂಟಲಲ್ಲ, ಕೂಗುವ ಗಂಟಲು. ನಮ್ಮ ಸಭೆಯಲ್ಲಿ ಅರ್ಧಕ್ಕರ್ಧ ಜನರಿಗೆ ಓದು ಬರುತ್ತಿರಲಿಲ್ಲ. ಆದ್ದರಿಂದ ಕೀರ್ತನೆಯ ಒಂದೊಂದು ಸಾಲನ್ನೂ ಒಬ್ಬರು ಮಾತಿನಲ್ಲಿ ಗಟ್ಟಿಯಾಗಿ ಹೇಳಿಕೊಡಬೇಕು. ಅವರು ಹೇಳಿ ನಿಲ್ಲಿಸಿದ ಕೂಡಲೆ ಎಲ್ಲರೂ ಸೇರಿ ಅದನ್ನು ರಾಗವಾಗಿ ಹಾಡಬೇಕು. ಆಮೇಲೆ ಮುಂದಿನ ಸಾಲು. ತಾತ ಮುತ್ತಾತಂದಿರ ಕಾಲದಿಂದ ನಡೆದುಬಂದ ಪದ್ಧತಿ ಅದು. ಹೇಳಿಕೊಡುವ ಕೆಲಸ ನನ್ನದು. ಶುರು ಮಾಡುವ ಮುಂಚೆ ನಾನು ಒಂದು ಸಲ ಕೆಮ್ಮುತ್ತಿದ್ದೆ. ಕೆಮ್ಮು ಕೇಳಿದರೆ ಸಾಕು, ತೂಕಡಿಸುತ್ತಿದ್ದವರೂ ನೆಟ್ಟಗೆ ಕೂರುತ್ತಿದ್ದರು. ಇನ್ನು ರಾಗ ಎತ್ತುವುದು, ಶ್ರುತಿ ಹಿಡಿಯುವುದು, ದಾರಿ ತಪ್ಪಿದವರನ್ನು ವಾಪಸು ಕರೆತರುವುದು, ಇಂಥ ಸಣ್ಣಪುಟ್ಟ ಕೆಲಸಗಳನ್ನು ನನ್ನ ಹೆಂಡತಿ ಸುಗುಣ ನೋಡಿಕೊಳ್ಳುತ್ತಿದ್ದಳು.

ಆ ವರ್ಷ ಬೇಸಿಗೆಯಲ್ಲಿ ನಮಗೊಂದು ಕರೆ ಬಂತು. ಬೆಂಗಳೂರಿನಲ್ಲಿ ಬಿಷಪ್ಪರ ಪೀಠವಿರುವ ದೊಡ್ಡ ಕಥೀಡ್ರಲ್. ಅಲ್ಲಿನ ಹಾಡುಗಾರರೂ ಆರ್ಗನ್ ನುಡಿಸುವವರೂ ಬೇಸಿಗೆ ರಜೆಗೆ ಊಟಿ, ಕೊಡೈಕನಾಲ್ ಎಂದು ಹೋದಾಗ, ಸುತ್ತಲಿನ ಊರುಗಳ ಮಂಡಳಿಗಳನ್ನು ಕರೆಸಿ ಒಂದೊಂದು ಭಾನುವಾರ ಕನ್ನಡ ಆರಾಧನೆಯಲ್ಲಿ ಹಾಡಿಸುವುದು ವಾಡಿಕೆ. ಬೆಳಿಗ್ಗೆ ಒಂದು ಆರಾಧನೆ, ಸಾಯಂಕಾಲ ಒಂದು. ಗೌರಿಬಿದನೂರಿನವರು ನಮಗಿಂತ ಮೊದಲೇ ರೈಲಿನಲ್ಲಿ ಹೋಗಿ ಹಾಡಿ ಹೊಗಳಿಸಿಕೊಂಡು ಬಂದಿದ್ದರು. ಬಂದವರು ಸುಮ್ಮನಿರಬಾರದೇ? ಚಿಕ್ಕಬಳ್ಳಾಪುರದವರಿಗೆ ಇದೆಲ್ಲ ಆಗುತ್ತದೋ ಇಲ್ಲವೋ ಎಂದು ಅನುಕಂಪ ತೋರಿಸಿದರಂತೆ. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಸುದ್ದಿ ಹೇಳಿದಾಗ ಸುಗುಣ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಕೈ ನಿಲ್ಲಿಸಿದಳು. ಅವಳು ಚಿಕ್ಕಂದಿನಲ್ಲಿ ಬೆಂಗಳೂರಿನ ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಓದಿದವಳು ಎಂದು ನನಗೆ ಗೊತ್ತಿತ್ತು. ಮಿಕ್ಕದ್ದು ಗೊತ್ತಿರಲಿಲ್ಲ.

"ಆ ದೇವಾಲಯದ ಹಿಂದಿನ ಬೆಂಚಲ್ಲಿ ಕೂತೇ ಬೆಳೆದೋಳು ನಾನು" ಅಂದಳು. "ಒಂದು ಭಾನುವಾರ ಗಂಟಲು ಬಿಟ್ಟು ಹಾಡ್ಬಿಟ್ಟೆ. ಮುಂದೆ ಕೂತಿದ್ದ ದೊರೆಸಾನಿ ತಿರುಗಿ ನೋಡಿ ತುಟಿ ಮೇಲೆ ಬೆರಳಿಟ್ಟಳು. ಅವತ್ತಿಂದ ಅಲ್ಲಿ ಬರೀ ತುಟಿ ಆಡಿಸ್ತಿದ್ದೆ. ಒಂದು ಸಲ ಅಲ್ಲಿ ಗಟ್ಟಿಯಾಗಿ ಹಾಡ್ಬೇಕು ಕಣ್ರೀ. ಒಂದೇ ಒಂದು ಸಲ."

ನನಗೆ ಪಾಪ ಅನ್ನಿಸಿತು. ಅಷ್ಟೇ ತಾನೆ, ಹಾಡಿಸುತ್ತೇನೆ ಬಿಡು ಎಂದೆ. ಅವಳು ಮತ್ತೆ ಜರಡಿ ಹಿಡಿದಳು. ಆದರೆ ಆ ದಿನವೆಲ್ಲ ಅಡಿಗೆಮನೆಯಿಂದ ಒಂದೇ ಕೀರ್ತನೆ ಕೇಳಿಬರುತ್ತಿತ್ತು.

ನಾನು ತಕ್ಷಣ ಸಿದ್ಧತೆಗೆ ಇಳಿದೆ. ಮೊದಲನೆಯ ಸುಧಾರಣೆ: ಹೇಳಿಕೊಡುವ ಪದ್ಧತಿ ರದ್ದು. ಕಥೀಡ್ರಲಿನಲ್ಲಿ ನಿಂತು ಹಳ್ಳಿಯವರ ಹಾಗೆ ಸಾಲು ಸಾಲು ಕೂಗುವುದೇ? ಎಲ್ಲರೂ ಬಾಯಿಪಾಠ ಮಾಡತಕ್ಕದ್ದು. ಎರಡನೆಯದು ಇನ್ನೂ ಘನವಾದದ್ದು. ಇಂಗ್ಲಿಷ್ ಧಾಟಿಯಲ್ಲಿ ನಾಲ್ಕು ಸ್ವರಗಳ ಹಾಡು! ಒಮ್ಮೆ ಬೆಂಗಳೂರಿನಲ್ಲಿ ನೋಡಿದ್ದೆ. ನಾಲ್ಕು ಗುಂಪು ನಾಲ್ಕು ಥರ ಹಾಡುತ್ತಾರೆ, ಆದರೂ ಜಗಳವಾಗುವುದಿಲ್ಲ. ಆಸ್ಪತ್ರೆಯ ದೊಡ್ಡ ಸಿಸ್ಟರ್ ಒಂದಷ್ಟು ದಿನ ಪಿಯಾನೋ ಮುಂದೆ ಕೂತು ನಾಲ್ಕೂ ಗುಂಪಿಗೆ ಕಲಿಸಿ, ನಮ್ಮನ್ನು ದೇವರ ಕೈಗೆ ಒಪ್ಪಿಸಿ, ತಾವೂ ಕೊಡೈಕನಾಲಿಗೆ ಹೊರಟುಹೋದರು.

ಯಾರು ಯಾವ ಸ್ವರ ಹಾಡಬೇಕೆಂದು ತೀರ್ಮಾನಿಸಿದವನು ಮಾತ್ರ ನಾನೇ. ಡ್ರಿಲ್ಲಿನಲ್ಲಿ ಮಾಡುವ ಹಾಗೆ ಎತ್ತರದ ಪ್ರಕಾರ ನಿಲ್ಲಿಸಿದೆ. ಕುಳ್ಳರು ಮುಂದೆ, ಅವರದು ಮೇಲುಸ್ವರ. ಎತ್ತರದವರು ಹಿಂದೆ, ಅವರದು ಕೆಳಸ್ವರ. ನೋಡಲು ಬಹಳ ಅಂದವಾಗಿತ್ತು. ಸುಗುಣ ನನಗಿಂತ ಒಂದು ಬೆರಳು ಎತ್ತರ. ಆದ್ದರಿಂದ ಕೆಳಸ್ವರ!

ಅವಳು ನನ್ನನ್ನು ಒಂದು ಥರ ನೋಡಿದಳು. ಬೆಳಗಿನ ಆರಾಧನೆ ಮಂಡಳಿಯ ಮರ್ಯಾದೆಯ ಪ್ರಶ್ನೆ, ಸಾಯಂಕಾಲದ ಆರಾಧನೆಯಲ್ಲಿ ನಿನ್ನ ಕೀರ್ತನೆಯನ್ನು ನಿನ್ನಿಷ್ಟದ ಹಾಗೆ ನೀನೊಬ್ಬಳೇ ಹಾಡು ಎಂದು ಸಮಾಧಾನ ಮಾಡಿದೆ. ಸಾಯಂಕಾಲ ಖಂಡಿತಾನಾ ಎಂದು ಅವಳು ಎರಡು ಸಲ ಕೇಳಿದಳು. ಖಂಡಿತ ಎಂದು ನಾನೂ ಎರಡು ಸಲ ಹೇಳಿದೆ.

ಪ್ರತಿಭಟನೆ ಬಂದದ್ದು ರೂತಮ್ಮನವರಿಂದ. ಚಿಂತಾಮಣಿ ಕಡೆಯ ಮುದುಕಿ, ಮನೆಮಾತು ತೆಲುಗು, ಆಸ್ಪತ್ರೆಯಲ್ಲಿ ಆಯಾ ಆಗಿದ್ದು ವಯಸ್ಸಾಗಿ ಬಿಟ್ಟವರು. ಕಣ್ಣಿಗೆ ಪೊರೆ ಬಂದಿತ್ತು. ಕಂಠಕ್ಕೆ ಮಾತ್ರ ಏನೂ ಆಗಿರಲಿಲ್ಲ.

"ಏಮಿ ನಾಯ್ನಾ, ನೀನು ಹೇಳ್ಕೊಡ್ದೆ ಇದ್ರೆ ನಾನು ಏನಂತ ಹಾಡ್ಲಿ? ಯಾರಾನಾ ಹೇಳಿದ್ರೆ ತಾನೆ ನನ್ನ ಬಾಯಿಗೆ ಬರೋದು?"

ಬಾಯಿಪಾಠ ಮಾಡಿ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಅವರು ಆಗಲಿ ಎಂದರು. ವಯಸ್ಸಾದವರು ಅಷ್ಟು ಬೇಗ ಆಗಲಿ ಎಂದರೆ ಅನುಮಾನಪಡಬೇಕು ಎಂದು ನನಗೆ ಹೊಳೆಯಲಿಲ್ಲ.

ಕೈಸನ್ನೆಗಳನ್ನೂ ಕಲಿಸಿದೆ. ಬಲಗೈ ಎತ್ತಿದರೆ ಎದ್ದು ನಿಲ್ಲಬೇಕು. ಎರಡೂ ಕೈ ಎತ್ತಿದರೆ ಇನ್ನೂ ಗಟ್ಟಿಯಾಗಿ ಹಾಡಬೇಕು. ಎಡಗೈ ಇಳಿಸಿದರೆ ಕೂರಬೇಕು. ನಿಲ್ಲಿಸಿ ಎನ್ನುವುದಕ್ಕೆ ಕೈಸನ್ನೆ ಇರಲಿಲ್ಲ. ಅದಕ್ಕೆ ಸೀಟಿ ಇದೆಯಲ್ಲ! ಅಭ್ಯಾಸದಲ್ಲಿ ಒಂದು ಸೀಟಿ ಊದಿದರೆ ಎಲ್ಲರೂ ತಟ್ಟನೆ ಬಾಯಿ ಮುಚ್ಚುತ್ತಿದ್ದರು. ರೂತಮ್ಮನವರೂ ಮುಚ್ಚುತ್ತಿದ್ದರು. ಶಿಸ್ತು ಎಂದರೆ ಅದು.

ಇನ್ನು ನಿಲುವಂಗಿ. ಕಥೀಡ್ರಲಿನ ಹಾಡುಗಾರರು ಬಿಳಿ ನಿಲುವಂಗಿ ತೊಡುತ್ತಾರೆ. ನಮ್ಮ ಹಾರ್ಮೋನಿಯಂ ಬಾರಿಸುವ ದಾನಿಯೇಲಪ್ಪ ಆಸ್ಪತ್ರೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದರು. ಅವರು ಮೇಲಿನವರ ಅಪ್ಪಣೆ ಪಡೆದು ಒಂದು ಗಂಟು ತಂದರು. ಬಿಚ್ಚಿದರೆ ಆಪರೇಷನ್ ಮಾಡುವಾಗ ಡಾಕ್ಟರು ತೊಡುವ ಬಿಳಿ ಗೌನುಗಳು. ಬೆನ್ನ ಹಿಂದೆ ಲಾಡಿ. ಎಷ್ಟು ಒಗೆದಿದ್ದರೂ ಫಿನಾಯಿಲಿನ ವಾಸನೆ. ದೂರದಿಂದ ಯಾರಿಗೂ ತಿಳಿಯುವುದಿಲ್ಲ ಎಂದು ನಾನು ಒಪ್ಪಿಗೆ ಕೊಟ್ಟೆ.

ಶನಿವಾರ ಮಧ್ಯಾಹ್ನ ಬಸ್ಸಿಗೆ ಹೊರಟೆವು. ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಬಂದ ಬಸ್ಸು, ಒಳಗೆ ಕಾಲಿಡಲು ಜಾಗವಿಲ್ಲ. ಹಾರ್ಮೋನಿಯಂ ತನ್ನ ತೊಡೆಯ ಮೇಲಿರಲಿ ಎಂದು ಸುಗುಣ ಅಂದಳು. ಜನ ಒಳಗೆ, ಸಾಮಾನು ಮೇಲೆ, ಅದೇ ಕ್ರಮ ಎಂದು ನಾನು ಅದನ್ನು ಬಸ್ಸಿನ ಮೇಲಕ್ಕೆ ಹತ್ತಿಸಿದೆ. ಅಲ್ಲಿ ಬೆಲ್ಲದ ಮೂಟೆಗಳಿದ್ದವು. ಮೂಟೆಗಳ ನಡುವೆ ಇಟ್ಟರೆ ಅಲುಗಾಡುವುದಿಲ್ಲ ಎಂದು ನಾನೇ ಕ್ಲೀನರನಿಗೆ ಜಾಗ ತೋರಿಸಿದೆ. ಮೇ ತಿಂಗಳ ಬಿಸಿಲು. ನಂದಿ ಬೆಟ್ಟ ಬೇಸಿಗೆಯ ಧೂಳಿನಲ್ಲಿ ಮಸಕಾಗಿ ಕಾಣುತ್ತಿತ್ತು. ನಾನು ಕಿಟಕಿಯ ಪಕ್ಕ ಕೂತು ಗೌರಿಬಿದನೂರಿನವರ ಮುಖಗಳನ್ನು ಕಲ್ಪಿಸಿಕೊಳ್ಳುತ್ತ ಸುಖವಾಗಿ ತೂಕಡಿಸಿದೆ.

ಬೆಂಗಳೂರಿನಲ್ಲಿ ಇಳಿಸಿದಾಗ ಹಾರ್ಮೋನಿಯಂ ಸಿಹಿಯಾಗಿತ್ತು. ಬಿಸಿಲಿಗೆ ಕರಗಿದ ಬೆಲ್ಲ ಪೆಟ್ಟಿಗೆಯ ಸಂದಿನಲ್ಲಿ ಇಳಿದು ಬೆರಳಿಟ್ಟು ಬಾರಿಸುವ ಒಂದು ಬಿಳಿ ಮನೆಯನ್ನು ಒತ್ತಿ ಹಿಡಿದಿತ್ತು. ತಿದಿ ಅಲುಗಿದರೆ ಸಾಕು, ಆ ಮನೆ ತಾನಾಗಿ ಕೂಗುತ್ತಿತ್ತು. ಬಸ್ ಸ್ಟ್ಯಾಂಡಿನಿಂದ ನಾವು ಇಳಿದುಕೊಳ್ಳುವ ಬೋರ್ಡಿಂಗಿನವರೆಗೆ ದಾನಿಯೇಲಪ್ಪ ಅದನ್ನು ಹೊತ್ತು ನಡೆದರು. ಹೆಜ್ಜೆಗೊಮ್ಮೆ ಅದು ಗೊಂಯ್ ಎನ್ನುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಸುಗುಣ ಏನೂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಅದು ಒಳ್ಳೆಯ ಲಕ್ಷಣವಲ್ಲ.

ಬೆಳಗಿನ ಹೊತ್ತಿಗೆ ಇರುವೆಗಳೂ ಬಂದಿದ್ದವು.

ಕಥೀಡ್ರಲಿನ ಬಾಗಿಲಲ್ಲಿ ಗೌನು ತೊಟ್ಟು ಸಾಲಾಗಿ ನಿಂತೆವು. ಆ ಕಟ್ಟಡದ ಎತ್ತರ ನೋಡಿಯೇ ನಮ್ಮ ಮೇಲುಸ್ವರದವರ ಬಾಯಿ ಒಣಗಿತು. ಮುಂದಿನ ಬೆಂಚುಗಳಲ್ಲಿ ಕೋಟು ತೊಟ್ಟ ಆಫೀಸಿನ ಜನ. ಹಿಂದಿನ ಬೆಂಚುಗಳಲ್ಲಿ ಬಂಗಲೆಗಳ ಅಡಿಗೆಯವರು, ಮಾಲಿಗಳು, ಆಯಾಗಳು. ಎಲ್ಲರೂ ಯಾವುದೋ ಹಳ್ಳಿಯಿಂದ ಬಂದು ಅಲ್ಲಿ ನೆಲೆಸಿದವರು. ಒಬ್ಬ ಮುದುಕಿ ನನ್ನ ಗೌನು ನೋಡಿ ಹತ್ತಿರ ಬಂದು, ಡಾಕ್ಟ್ರೇ, ಈ ಮಂಡಿ ಒಂದು ನೋಡಿ ಎಂದು ಸೀರೆ ಸರಿಸಿದಳು. ನಾನು ಡಾಕ್ಟರಲ್ಲಮ್ಮಾ, ಹಾಡುವವನು ಎಂದೆ. ಅವಳಿಗೆ ಎರಡನೆಯದನ್ನು ನಂಬಲು ಹೆಚ್ಚು ಕಷ್ಟವಾದ ಹಾಗೆ ಕಂಡಿತು.

ಆರಾಧನೆ ಶುರುವಾಯಿತು. ಮೊದಲ ಕೀರ್ತನೆಗೆ ಬಲಗೈ ಎತ್ತಿದೆ. ಮಂಡಳಿ ಎದ್ದಿತು. ದಾನಿಯೇಲಪ್ಪ ಹಾರ್ಮೋನಿಯಂ ತಿದಿ ಎಳೆದರು. ಒತ್ತಿಕೊಂಡ ಮನೆ ಹಾಡಿತು, ಇರುವೆಗಳು ಅವರ ತೋಳಿನೊಳಗೆ ಹೊರಟವು. ಅವರು ಒಂದು ಕೈಯಲ್ಲಿ ಬಾರಿಸುತ್ತ ಒಂದು ಕೈಯಲ್ಲಿ ಕೆರೆದುಕೊಳ್ಳುತ್ತಿದ್ದರು. ತಿದಿ ಒತ್ತಲು ಮೂರನೆಯ ಕೈ ಇರಲಿಲ್ಲ. ಹೀಗಾಗಿ ಹಾರ್ಮೋನಿಯಂ ಬರುತ್ತ ಹೋಗುತ್ತ ಇತ್ತು. ನಾಲ್ಕು ಸ್ವರದವರು ನಾಲ್ಕು ಕಡೆಯಿಂದ ಹೊರಟರು. ಮೇಲುಸ್ವರದವರು ಹೆದರಿ ತಾಳ ಬಿಟ್ಟು ಓಡಿದರು. ಕೆಳಸ್ವರದಲ್ಲಿ ಸುಗುಣ ಒಬ್ಬಳೇ ಸರಿಯಾಗಿದ್ದಳು. ಆದರೆ ಕೆಳಸ್ವರ ಮಾತ್ರ ಕೇಳಿದರೆ ಅದು ಹಾಡು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಸಾಲದ್ದಕ್ಕೆ ಆ ಕಟ್ಟಡದಲ್ಲಿ ಹಾಡಿದ್ದೆಲ್ಲ ಗೋಡೆಗೆ ತಾಗಿ ವಾಪಸು ಬರುತ್ತಿತ್ತು. ಒಂದು ತಪ್ಪನ್ನು ಎರಡೆರಡು ಸಲ ಕೇಳಬೇಕಾಯಿತು. ರೂತಮ್ಮ ಮಾತ್ರ ತುಟಿ ಬಿಗಿದು ನಿಂತಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲವಲ್ಲ.

ಕೀರ್ತನೆ ಮುಗಿಯಿತು. ಎಲ್ಲರಿಗೂ ಒಂದೇ ಹೊತ್ತಿಗೆ ಮುಗಿಯಲಿಲ್ಲ, ಆದರೂ ಮುಗಿಯಿತು. ನಾನು ಬೆವರು ಒರೆಸಿಕೊಂಡು ಕೂತೆ. ಬೈಬಲ್ಲಿನ ಪಾಠ ಓದಿದರು, ಪ್ರಾರ್ಥನೆ ಮಾಡಿದರು, ಆ ಪಾಠದ ಮೇಲೆ ಪ್ರಸಂಗ ಮಾಡಿದರು. ನನಗೆ ಏನೂ ಕೇಳಿಸಲಿಲ್ಲ. ಗೌನಿನ ಫಿನಾಯಿಲು ಬೆವರಿಗೆ ಸೇರಿ ಮೂಗಿಗೆ ಹತ್ತುತ್ತಿತ್ತು. ಪ್ರಸಂಗ ಮುಗಿದು ಅಲ್ಲಿನ ಸಭಾಪಾಲಕರು ಪ್ರಕಟಣೆಗಳ ಚೀಟಿ ಕೈಗೆತ್ತಿಕೊಂಡ ಹೊತ್ತಿಗೆ ನನ್ನ ಗಂಟಲು ಕೆರೆಯಿತು.

ಕೆಮ್ಮಿದೆ.

ಇಡೀ ಮಂಡಳಿ ನೆಟ್ಟಗೆ ಕೂತಿತು. ಸಭಾಪಾಲಕರು ಸಾಧು ಮನುಷ್ಯರು, ವಯಸ್ಸಾದವರು. ಪ್ರತಿಧ್ವನಿಯಲ್ಲಿ ಮಾತು ಕಲಸಿಹೋಗಬಾರದೆಂದು ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಹೇಳಿ, ನಿಲ್ಲಿಸಿ, ಆಮೇಲೆ ಮುಂದಿನದಕ್ಕೆ ಹೋಗುವುದು ಅವರ ಕ್ರಮ.

"ಕಳೆದ ಭಾನುವಾರ ಎಡಗಡೆಯ ಬೆಂಚಿನಲ್ಲಿ ಒಂದು ಕಪ್ಪು ಕೊಡೆ ಸಿಕ್ಕಿದೆ" ಎಂದರು. ನಿಲ್ಲಿಸಿದರು.

ಕೆಮ್ಮು ಆಗಿತ್ತು. ಸಾಲು ಆಗಿತ್ತು. ನಿಲ್ಲಿಸಿಯೂ ಆಗಿತ್ತು. ಇನ್ನು ರೂತಮ್ಮನವರು ಮಾಡಬೇಕಾದದ್ದು ಒಂದೇ. ಬೆಳಗಿನಿಂದ ಬಿಗಿಹಿಡಿದಿದ್ದ ಕಂಠವನ್ನು ಬಿಟ್ಟರು. ಕಳೆದ ಭಾನುವಾರ ಎಡಗಡೆಯ ಬೆಂಚಿನಲ್ಲಿ! ಶುಭಶುಕ್ರವಾರ ಹಾಡುವ ಕೀರ್ತನೆಯ ರಾಗ. ಮಂಡಳಿ ನಾಲ್ಕು ಸ್ವರವನ್ನೂ ಮರೆತು ತಾಯಿಯ ಸೆರಗು ಸಿಕ್ಕ ಮಕ್ಕಳ ಹಾಗೆ ಅವರ ಹಿಂದೆ ಹೋಯಿತು. ಒಂದು ಕಪ್ಪು ಕೊಡೆ ಸಿಕ್ಕಿದೆ ಎನ್ನುವಾಗ ದಾನಿಯೇಲಪ್ಪ ಇರುವೆಗಳನ್ನು ಲೆಕ್ಕಿಸದೆ ತಿದಿ ಒತ್ತಿದರು. ಒತ್ತಿಕೊಂಡ ಮನೆ ಅದೇ ರಾಗದ ಶ್ರುತಿಯಾಗಿತ್ತು!

ಸಭಾಪಾಲಕರು ಚೀಟಿಯಿಂದ ತಲೆಯೆತ್ತಿದರು. ನಾನು ನಿಲ್ಲಿಸಿ ಎಂದು ಗಾಬರಿಯಲ್ಲಿ ಬಲಗೈ ಎತ್ತಿದೆ. ಮಂಡಳಿ ಎದ್ದು ನಿಂತಿತು. ಬೇಡ ಬೇಡ ಎಂದು ಎರಡೂ ಕೈ ಎತ್ತಿದೆ. ಇನ್ನೂ ಗಟ್ಟಿಯಾಗಿ ಹಾಡಿದರು. ನಾನು ಕಲಿಸಿದ ಪಾಠವನ್ನು ಅವರು ತಪ್ಪಿಲ್ಲದೆ ಒಪ್ಪಿಸಿದ್ದು ಅದೊಂದೇ ಸಲ.

ಆಗ ಹಿಂದಿನ ಬೆಂಚುಗಳಿಂದ ಒಂದು ಸದ್ದು ಎದ್ದಿತು. ಮಾಲಿಗಳು, ಅಡಿಗೆಯವರು, ಮಂಡಿನೋವಿನ ಮುದುಕಿ. ಅವರ ಊರುಗಳಲ್ಲೂ ಹೇಳಿಕೊಡುವ ಪದ್ಧತಿಯೇ ಇದ್ದಿರಬೇಕು. ಯಾರೋ ಸಾಲು ಹೇಳಿದರು, ಯಾರೋ ರಾಗ ಎತ್ತಿದರು, ಇನ್ನು ಸುಮ್ಮನಿರುವುದು ಹೇಗೆ? ಹಾಡೇಬಿಟ್ಟರು. ಮುಂದಿನ ಬೆಂಚಿನಲ್ಲಿದ್ದ ಕೊಡೆಯ ಯಜಮಾನರು ಗುರುತು ಹೇಳಲು ಎದ್ದು ನಿಂತವರು, ಹೇಳಲೂ ಆಗದೆ ಕೂರಲೂ ಆಗದೆ ಟೋಪಿ ಎದೆಗೆ ಹಿಡಿದುಕೊಂಡರು. ಅವರು ನಿಂತದ್ದು ನೋಡಿ ಕೀರ್ತನೆಗೆ ನಿಲ್ಲಬೇಕೇನೋ ಎಂದು ಉಳಿದ ಆಫೀಸಿನವರೂ ಎದ್ದರು. ಇಡೀ ಕಥೀಡ್ರಲ್ ಎದ್ದು ನಿಂತು ಕೊಡೆಯನ್ನು ಸ್ತುತಿಸಿತು.

ನನಗೆ ಉಳಿದ ದಾರಿ ಒಂದೇ. ಗೌನಿನೊಳಗೆ ಅಂಗಿಯ ಜೇಬಿಗೆ ಕೈ ಹೋಯಿತು. ಸೀಟಿ ಊದಿದೆ.

ಆ ಸೀಟಿ ಗೋಡೆಗೆ ತಾಗಿ, ಮಾಡಿಗೆ ತಾಗಿ, ಬಿಷಪ್ಪರ ಪೀಠವನ್ನು ಒಂದು ಸುತ್ತು ಬಂದು ನನ್ನ ಕಿವಿಗೇ ವಾಪಸು ಬಂತು. ಹೊರಗೆ ರಸ್ತೆಯಲ್ಲಿ ಒಂದು ಜಟಕಾ ನಿಂತಿತಂತೆ. ಎಲ್ಲರ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಆ ನಿಶ್ಶಬ್ದದಲ್ಲಿ ರೂತಮ್ಮನವರು ಪಕ್ಕದವರನ್ನು "ಪಾಟ ಅಯಿಪೋಯಿಂದಾ?" ಎಂದು ತೆಲುಗಿನಲ್ಲಿ ಕೇಳಿದರು. ಹಾಡು ಮುಗಿಯಿತಾ ಎಂದು. ಮುಗಿಯಿತು ತಾಯಿ ಎಂದುಕೊಂಡೆ. ಎಲ್ಲವೂ ಮುಗಿಯಿತು.

ಮಧ್ಯಾಹ್ನ ಬೋರ್ಡಿಂಗಿನಲ್ಲಿ ಅನ್ನ ಸಾರು ಹಾಕಿದರು. ಸಭಾಪಾಲಕರು ತಾವೇ ನಡೆದುಕೊಂಡು ಬಂದರು. ಬಹಳ ದೂರದಿಂದ ಬಂದಿದ್ದೀರಿ, ದಣಿದಿದ್ದೀರಿ ಎಂದರು. ಸಾಯಂಕಾಲದ ಆರಾಧನೆಯಲ್ಲಿ ಹಾಡಿಲ್ಲದಿದ್ದರೂ ನಡೆಯುತ್ತದೆ, ಬೇಕಾದರೆ ನಾಲ್ಕು ಗಂಟೆಯ ಬಸ್ಸಿಗೆ ಹೊರಡಬಹುದು ಎಂದರು. ಒಬ್ಬ ಮನುಷ್ಯನನ್ನು ಹೊರಗೆ ಹಾಕುವುದನ್ನು ಅಷ್ಟು ಮೃದುವಾಗಿ ಮಾಡಿದವರನ್ನು ನಾನು ಮತ್ತೆ ನೋಡಿಲ್ಲ.

ನನಗೆ ಜೀವ ಬಂದ ಹಾಗಾಯಿತು. "ಆಗ್ಲಿ ಅಯ್ಯನೋರೇ, ಹೊರಟ್ಬಿಡ್ತೀವಿ" ಎಂದೆ. ಗೌರಿಬಿದನೂರಿನವರಿಗೆ ಗೊತ್ತಾಗುವ ಮುಂಚೆ ಊರು ಸೇರಿ, ಜ್ವರ ಎಂದು ಹೊದ್ದು ಮಲಗಿಬಿಡಬೇಕು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಸುಗುಣ ತಟ್ಟೆ ಕೆಳಗಿಟ್ಟಳು. ಸಭಾಪಾಲಕರು ಹೋಗುವ ತನಕ ಕಾದಳು.

"ನೀವು ಹೋಗಿ" ಅಂದಳು. "ನಾನು ಸಾಯಂಕಾಲದ ಆರಾಧನೆಗೆ ಕೂತ್ಕೊಂಡು ಬರ್ತೀನಿ. ಹಿಂದಿನ ಬೆಂಚು ಹೇಗೂ ಇದೆಯಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಖಂಡಿತ ಎಂದು ಎರಡು ಸಲ ಹೇಳಿದ್ದು ನೆನಪಾಯಿತು. ಅವಳು ಕೇಳಿದ್ದು ಒಂದು ಸಲ ಹಾಡುವುದನ್ನು. ನಾನು ಅವಳಿಗೆ ಕೆಳಸ್ವರ ಕೊಟ್ಟೆ, ಬೆಲ್ಲದ ಹಾರ್ಮೋನಿಯಂ ಕೊಟ್ಟೆ, ಕೊನೆಗೆ ನಾಲ್ಕು ಗಂಟೆಯ ಬಸ್ಸು ಕೊಟ್ಟೆ. ನಿಜವಾಗಿ ನಾಚಿಕೆಯಾಯಿತು.

ಬಸ್ಸಿಗೆ ಯಾರೂ ಹೋಗಲಿಲ್ಲ. ಸಾಯಂಕಾಲ ಗೌನುಗಳನ್ನು ಗಂಟು ಕಟ್ಟಿಟ್ಟು, ಬಂದಿದ್ದ ಬಟ್ಟೆಯಲ್ಲೇ ಎಲ್ಲರೂ ಸುಗುಣಳ ಹಿಂದೆ ಹೋಗಿ ಕೊನೆಯ ಬೆಂಚುಗಳಲ್ಲಿ ಅಡಿಗೆಯವರ ಜೊತೆ ಕೂತೆವು. ಮಂಡಿನೋವಿನ ಮುದುಕಿ ಸರಿದು ಜಾಗ ಕೊಟ್ಟಳು. ಸುಗುಣ ಎಡಗಡೆಯ ಗೋಡೆಯ ಪಕ್ಕ ಕೂತಳು. ಅವಳು ಚಿಕ್ಕವಳಾಗಿದ್ದಾಗ ಕೂರುತ್ತಿದ್ದದ್ದು ಅಲ್ಲೇ ಇರಬೇಕು. ಕೇಳುವ ಧೈರ್ಯ ನನಗಿರಲಿಲ್ಲ. ನಾನು ಬೆಂಚಿನ ಈಚೆ ತುದಿಯಲ್ಲಿ ರೂತಮ್ಮನವರ ಪಕ್ಕ, ಆದಷ್ಟು ಸಣ್ಣದಾಗಿ ಕೂತಿದ್ದೆ.

ಪ್ರಸಂಗ ಮುಗಿಯಿತು. ಸಭಾಪಾಲಕರು ವೇದಿಕೆ ಇಳಿದು, ಬೆಂಚುಗಳ ನಡುವೆ ನಿಧಾನವಾಗಿ ನಡೆದು ಹಿಂದಕ್ಕೆ ಬಂದರು. ಸೀಟಿಯನ್ನು ವಶಪಡಿಸಿಕೊಳ್ಳಲು ಬರುತ್ತಿದ್ದಾರೆ ಎಂದುಕೊಂಡೆ. ಕೊಡಲು ಸಿದ್ಧನಾಗಿಯೇ ಇದ್ದೆ. ಅವರು ನಮ್ಮ ಬೆಂಚಿನ ಎದುರು ನಿಂತರು.

"ಬೆಳಿಗ್ಗೆ ಈ ಬೆಂಚುಗಳವರು ಹಾಡಿದರು" ಎಂದರು. "ನಾನು ಇಲ್ಲಿಗೆ ಬಂದಾಗಿನಿಂದ ಇವರ ಧ್ವನಿ ಕೇಳಿರಲಿಲ್ಲ. ಹಾಡಲು ಇಷ್ಟವಿಲ್ಲ ಎಂದುಕೊಂಡಿದ್ದೆ. ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಕೊಡೆಯ ವಿಷಯವನ್ನೇ ಅಷ್ಟು ಚೆನ್ನಾಗಿ ಹಾಡುವವರು ದೇವರ ವಿಷಯ ಹಾಡಿದರೆ ಕೇಳಬೇಕೆಂದು ಆಸೆ. ಯಾರಾದರೂ ಒಂದು ಕೀರ್ತನೆ ಹೇಳಿಕೊಡುತ್ತೀರಾ?"

ಹೇಳಿಕೊಡುವುದು ಎಂದ ಕೂಡಲೆ ನನ್ನ ಕಾಲು ತಾನಾಗಿ ಎದ್ದಿತು. ಇಷ್ಟು ವರ್ಷ ಆ ಕೆಲಸ ಮಾಡಿದ ಕಾಲು! ಗಂಟಲಿಗೆ ಕೆಮ್ಮೂ ಬಂದಿತ್ತು. ರೂತಮ್ಮನವರು ನನ್ನ ಅಂಗಿಯ ಚುಂಗು ಹಿಡಿದು ಕೆಳಕ್ಕೆ ಎಳೆದರು.

"ಕೂತ್ಕೋ ನಾಯ್ನಾ. ಆಯಮ್ಮ ಹೇಳ್ತಾಳೆ."

ಕೂತೆ. ಕೆಮ್ಮನ್ನು ನುಂಗಿಕೊಂಡೆ. ಕಣ್ಣಲ್ಲಿ ನೀರು ಬಂತು. ಕೆಮ್ಮು ನುಂಗಿದ್ದರಿಂದ ಎಂದು ಆಮೇಲೆ ಎಲ್ಲರಿಗೂ ಹೇಳಿದೆ.

ಸುಗುಣ ಎದ್ದಳು. ಸಭಾಪಾಲಕರು ಮುಂದೆ ಬನ್ನಿ ಎಂದು ಕೈ ತೋರಿಸಿದರು. ಬೇಡ, ಇಲ್ಲೇ ನಿಂತು ಹಾಡುತ್ತೇನೆ ಎಂದಳು. ಹಾರ್ಮೋನಿಯಂ ಇರಲಿಲ್ಲ, ನಾಲ್ಕು ಸ್ವರ ಇರಲಿಲ್ಲ. 'ಬಾಗಿಲ ಬಳಿಯೇ ನಿಂತೆನು ತಂದೆ, ಒಳಗೆ ಕರೆಯಯ್ಯಾ' ಎಂದು ಮಾತಿನಲ್ಲಿ ಒಂದು ಸಲ ಹೇಳಿ ನಿಲ್ಲಿಸಿ, ಆಮೇಲೆ ಗಂಟಲು ಬಿಟ್ಟು ರಾಗ ಎತ್ತಿದಳು.

ನಾನು ಆ ಕಂಠದ ಜೊತೆ ಅಷ್ಟು ವರ್ಷ ಸಂಸಾರ ಮಾಡಿದ್ದೆ. ಅದು ಅಷ್ಟು ದೊಡ್ಡದು ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಹೆಂಚಿನ ಮಾಡಿನ ಕೆಳಗೆ ಅದಕ್ಕೆ ಜಾಗ ಸಾಲುತ್ತಿರಲಿಲ್ಲವೇನೋ. ಬೆಳಿಗ್ಗೆ ನಮ್ಮ ತಪ್ಪುಗಳನ್ನು ಎರಡೆರಡು ಸಲ ಕೇಳಿಸಿದ ಅದೇ ಗೋಡೆಗಳು ಈಗ ಅವಳ ಹಾಡನ್ನು ಎರಡೆರಡು ಸಲ ಕೇಳಿಸಿದವು. ಎರಡನೆಯ ಸಾಲಿಗೆ ಹಿಂದಿನ ಬೆಂಚುಗಳೆಲ್ಲ ಸೇರಿಕೊಂಡವು. ಮುಂದಿದ್ದ ಆಫೀಸಿನವರು ತಿರುಗಿ ನೋಡಿದರು. ಯಾರೂ ತುಟಿಯ ಮೇಲೆ ಬೆರಳಿಡಲಿಲ್ಲ.

ವಾಪಸು ಬರುವಾಗ ಹಾರ್ಮೋನಿಯಂ ನನ್ನ ತೊಡೆಯ ಮೇಲಿತ್ತು. ಬಸ್ಸು ಕುಲುಕಿದಾಗಲೆಲ್ಲ ಗೊಂಯ್ ಎನ್ನುತ್ತಿತ್ತು. ಸುಗುಣ ಕಿಟಕಿಯ ಪಕ್ಕ ಕೂತು ನಿದ್ದೆ ಮಾಡಿದಳು. ಒಂದು ಸಲ ಕಣ್ಣುಬಿಟ್ಟು, ಸೀಟಿ ಎಲ್ಲಿ ಎಂದು ಕೇಳಿದಳು. ಕೊಟ್ಟೆ. ಬ್ಯಾಗಿಗೆ ಹಾಕಿಕೊಂಡು ಮತ್ತೆ ಮಲಗಿದಳು.

ಊರಿಗೆ ನಮಗಿಂತ ಮೊದಲು ಸುದ್ದಿ ತಲುಪಿತ್ತು. ಸ್ಕೂಲಿನಲ್ಲಿ ಹುಡುಗರು ನನಗೆ ಕೊಡೆ ಮೇಷ್ಟ್ರು ಎಂದು ಹೆಸರಿಟ್ಟರು. ಗೌರಿಬಿದನೂರಿನವರು ಅನುಕಂಪ ತೋರಿಸುವುದನ್ನು ನಿಲ್ಲಿಸಿ ನೇರವಾಗಿ ನಗಲು ಶುರುಮಾಡಿದರು. ಒಂದು ರೀತಿಯಲ್ಲಿ ಅದೇ ವಾಸಿ.

ಮರುವರ್ಷ ಬೇಸಿಗೆಯಲ್ಲಿ ಮತ್ತೆ ಕರೆ ಬಂತು. ನಮ್ಮೂರಿನ ಸಭಾಪಾಲಕರಾದ ಅಯ್ಯನವರೇ ಮನೆಗೆ ಬಂದು ಹೇಳಿದರು. ಸುಗುಣಮ್ಮನವರು ಹೇಳಿಕೊಡಬೇಕಂತೆ. ರೂತಮ್ಮನವರು ಬರಲೇಬೇಕಂತೆ. ದಾನಿಯೇಲಪ್ಪ, ಮಂಡಳಿಯವರು ಎಲ್ಲರೂ ಬರಬೇಕಂತೆ. ನಾನು ಸ್ವಲ್ಪ ಹೊತ್ತು ಕಾದೆ. ಅವರು ಕಾಫಿ ಕುಡಿಯುತ್ತಿದ್ದರು.

"ನಾನು?" ಎಂದೆ.

"ನೀವೂ ಬರ್ಬೋದಂತೆ ಮೇಷ್ಟ್ರೇ" ಎಂದರು ಅಯ್ಯನವರು. ಲೋಟ ಕೆಳಗಿಟ್ಟರು. "ಕೆಮ್ಮಬಾರದಂತೆ, ಅಷ್ಟೇ."

ಹೋದೆ. ಹಾರ್ಮೋನಿಯಂ ಹೊತ್ತುಕೊಂಡು ಹೋದೆ. ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು, ಬೆಂಚಿನ ತುದಿ ಗಟ್ಟಿಯಾಗಿ ಹಿಡಿದುಕೊಂಡು, ಎರಡು ಆರಾಧನೆಯನ್ನೂ ಒಂದು ಸಲವೂ ಕೆಮ್ಮದೆ ಮುಗಿಸಿದೆ. ಇಡೀ ಮಂಡಳಿಯಲ್ಲಿ ಅಷ್ಟು ಶಿಸ್ತು ಇದ್ದವನು ನಾನೊಬ್ಬನೇ.